ಅರ್ಜಿ ಹಾಕದವರು

ನಮ್ಮ ನಾಡಿನಲ್ಲಿ ಗೌರವ ಬಹುಮಟ್ಟಿಗೆ ತಲೆ ನರೆತ ಮೇಲೆ ಬರುತ್ತದೆ. 1966ರಿಂದ ಕೊಡುತ್ತ ಬಂದಿರುವ ರಾಜ್ಯೋತ್ಸವ ಪ್ರಶಸ್ತಿಗೆ ಈಚಿನ ವರ್ಷಗಳಲ್ಲಿ ಸಾಮಾನ್ಯವಾಗಿ 60 ದಾಟಿದವರನ್ನೇ ಪರಿಗಣಿಸುತ್ತಾರೆ. ಬಾಳಿನ ಬಹುಭಾಗ ದುಡಿದವರಿಗೆ ಸಲ್ಲುವ ಮನ್ನಣೆ ಅದು, ಸಲ್ಲಲೇಬೇಕು. ಆದರೆ ಇಪ್ಪತ್ತೈದು ಮೂವತ್ತರ ವಯಸ್ಸಿನಲ್ಲಿ, ನೌಕರಿಯೋ ವೃತ್ತಿಯೋ ಇನ್ನೂ ಕುದುರದಿರುವಾಗಲೇ ಊರಿನ ಕೆಲಸಕ್ಕೆ ಕೈ ಹಚ್ಚಿದವರಿಗೆ ಬೇಕಾಗುವ ಆಸರೆ ಬೇರೆ ಬಗೆಯದು. ಆ ಕೊರತೆ ತುಂಬಲೆಂದೇ ಊರೂರಿನ ಸಂಘಗಳು ಯುವ ಸಾಧಕರನ್ನು ಹುಡುಕುತ್ತವೆ. 40ರೊಳಗಿನವರ ಸಂಘಟನೆಯಾದ ಜೇಸಿಗಳು ಅಮೆರಿಕದಲ್ಲಿ 1930ರ ದಶಕದ ಕೊನೆಯಲ್ಲೇ ವರ್ಷಕ್ಕೆ ಹತ್ತು ಯುವಕರನ್ನು ಆರಿಸಿ ಗೌರವಿಸುವ ಪರಿಪಾಠ ಹಾಕಿದ್ದರು. ಕೇಂದ್ರ ಸಾಹಿತ್ಯ ಅಕಾಡೆಮಿ 2011ರಿಂದ 35ರೊಳಗಿನ ಲೇಖಕರಿಗೆ ಯುವ ಪುರಸ್ಕಾರ ಕೊಡುತ್ತಿದೆ. ವಿವೇಕಾನಂದರ ಜನ್ಮದಿನವಾದ ಜನವರಿ 12 ರಾಷ್ಟ್ರೀಯ ಯುವ ದಿನ. ಆ ವಾರ ನಮ್ಮ ಹುಬ್ಬಳ್ಳಿಯಲ್ಲಿಯೂ ಒಂದಿಲ್ಲೊಂದು ಕಡೆ ಯುವಕರಿಗೆ ಸನ್ಮಾನ ಇದ್ದೇ ಇರುತ್ತದೆ.

ಅಂಥದೊಂದು ಸನ್ಮಾನಕ್ಕೆ ಹೆಸರುಗಳನ್ನು ಆರಿಸುವ ಸಮಿತಿಯ ಸಂಚಾಲಕನಾಗಿ ನಾನು ಬಹಳ ವರ್ಷ ಇದ್ದೆ. ಸಂಘದ ಹೆಸರು ಬೇಡ. ಅಲ್ಲಿ ನಡೆದದ್ದಕ್ಕೆ ಹೊಣೆ ನನ್ನದು, ಏಕೆಂದರೆ ಆಯ್ಕೆಯ ಕ್ರಮವನ್ನು ರೂಪಿಸಿದವನು ನಾನೇ.

ವೃತ್ತಿಯಿಂದ ನಾನು ಲೆಕ್ಕಪರಿಶೋಧಕ. ಬಿಲ್ಲು, ವೋಚರು, ಬ್ಯಾಂಕಿನ ಸ್ಟೇಟ್‌ಮೆಂಟು ಇವುಗಳ ನಡುವೆಯೇ ಜೀವನ ಕಳೆದವನು. ಕಾಗದವಿಲ್ಲದ ಖರ್ಚನ್ನು ಖರ್ಚೆಂದು ಒಪ್ಪಬಾರದು ಎಂಬುದು ನಮ್ಮ ಕಸುಬಿನ ಮೊದಲ ಪಾಠ, ಅದು ಸರಿಯಾದ ಪಾಠವೂ ಹೌದು. ಸಮಿತಿಗೆ ಬಂದಾಗ ಅದನ್ನೇ ಹೊತ್ತು ತಂದೆ. ಮೊದಲೆಲ್ಲ ಹಿರಿಯರು ತಮಗೆ ತೋಚಿದ ಹೆಸರು ಹೇಳುತ್ತಿದ್ದರು, ಅದೇ ಅಂತಿಮವಾಗುತ್ತಿತ್ತು. ಅದನ್ನು ನಿಲ್ಲಿಸಿ ಅರ್ಜಿ ನಮೂನೆ ತಂದೆ. ವಿದ್ಯಾರ್ಹತೆಗೆ ಇಷ್ಟು ಅಂಕ, ಸಂಘ ಸಂಸ್ಥೆಗಳಲ್ಲಿ ವಹಿಸಿದ ಹುದ್ದೆಗೆ ಇಷ್ಟು, ಪತ್ರಿಕೆಗಳಲ್ಲಿ ಬಂದ ವರದಿಗೆ ಇಷ್ಟು, ಊರಿನ ಇಬ್ಬರು ಗಣ್ಯರ ಶಿಫಾರಸು ಪತ್ರಕ್ಕೆ ಇಷ್ಟು, ಈ ಮೊದಲು ಪಡೆದ ಪ್ರಶಸ್ತಿಗಳಿಗೆ ಇಷ್ಟು. ವಶೀಲಿಗೆ ಜಾಗವಿಲ್ಲದ ಆಯ್ಕೆ ಎಂದು ಎಲ್ಲರೂ ಮೆಚ್ಚಿದರು. ನಾನೂ ಹಾಗೆಂದೇ ನಂಬಿದ್ದೆ.

ಆ ನಮೂನೆಯೊಳಗೆ ಏನಿತ್ತು ಎಂಬುದನ್ನು ಈಗ ಬಿಡಿಸಿ ನೋಡಬಲ್ಲೆ. ಈ ಮೊದಲು ಪ್ರಶಸ್ತಿ ಪಡೆದವರಿಗೆ ಅಂಕ ಕೊಟ್ಟರೆ ಪ್ರಶಸ್ತಿ ಅವರ ಕಡೆಗೇ ಹೋಗುತ್ತದೆ. ಇಬ್ಬರು ಗಣ್ಯರ ಪತ್ರ ಕೇಳಿದರೆ ಗಣ್ಯರ ಮನೆಯ ಬಾಗಿಲು ಗೊತ್ತಿರುವ ಮನೆತನದ ಮಕ್ಕಳೇ ಬರುತ್ತಾರೆ. ಪತ್ರಿಕೆಯ ತುಣುಕು ಕೇಳಿದರೆ, ವರದಿಗಾರರನ್ನು ಕರೆಸಿ ಕೆಲಸ ಮಾಡಿದವರು ಮುಂದೆ ಬರುತ್ತಾರೆ. ಎಲ್ಲಕ್ಕಿಂತ ಮೊದಲು, ಅರ್ಜಿ ಕರೆದಿದ್ದಾರೆ ಎಂಬುದೇ ಗೊತ್ತಾಗಬೇಕು, ತನ್ನ ಕೆಲಸ ಹೇಳಿಕೊಳ್ಳುವಂಥದ್ದು ಎಂದು ಅನಿಸಬೇಕು. ಒಮ್ಮೆ ಹಳೆಯ ಫೈಲುಗಳನ್ನು ತೆಗೆದು, ಆಯ್ಕೆಯಾದವರ ವಿಳಾಸಗಳನ್ನಷ್ಟೇ ಓದುತ್ತ ಹೋದೆ. ವಿದ್ಯಾನಗರ, ದೇಶಪಾಂಡೆ ನಗರ, ಕೇಶ್ವಾಪುರ, ಮತ್ತೆ ವಿದ್ಯಾನಗರ. ಹಳೇ ಹುಬ್ಬಳ್ಳಿ ಇಲ್ಲ, ನೇಕಾರ ನಗರ ಇಲ್ಲ, ಗೋಪನಕೊಪ್ಪ ಇಲ್ಲ. ಅಡ್ಡಹೆಸರುಗಳನ್ನು ನೋಡಿದರೆ ಒಂದೆರಡು ಜಾತಿಯವೇ ಮತ್ತೆ ಮತ್ತೆ ಬರುತ್ತಿದ್ದವು. ಅದರಲ್ಲಿ ನನ್ನದೂ ಒಂದು. ಯಾರನ್ನೂ ಹೊರಗಿಡಬೇಕೆಂದು ನಾವು ಕೂತಿರಲಿಲ್ಲ. ಆ ಕೆಲಸವನ್ನು ಅರ್ಜಿಯೇ ಮಾಡಿ ಮುಗಿಸಿತ್ತು.

ಇದು ನನಗೆ ಅರ್ಥವಾದದ್ದು ಒಬ್ಬ ಹುಡುಗಿಯಿಂದ. ಅವಳ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಹುಬ್ಬಳ್ಳಿಯ ನೀರಿನ ಕಥೆ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಸವದತ್ತಿಯ ಮಲಪ್ರಭೆಯಿಂದ ನಮಗೆ ನೀರು. 2008ರ ಸುಮಾರಿಗೆ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ ನಡೆದು ದೇಶದಾದ್ಯಂತ ಸುದ್ದಿಯಾಯಿತು. ಉಳಿದ ವಾರ್ಡುಗಳ ಜನ ಮಾತ್ರ ವಾರಕ್ಕೊಮ್ಮೆ ಬರುವ ನೀರಿಗೆ ಕಾಯುತ್ತಲೇ ಇದ್ದರು. ವಾಲ್‌ಮನ್ ಬಂದು ಕೀಲಿ ತಿರುವಿದಾಗ ನೀರು. ಅದು ಯಾವ ದಿನ, ಯಾವ ಹೊತ್ತಿಗೆ ಎಂಬುದು ನಿಶ್ಚಿತವಿಲ್ಲ. ನೀರು ಬರಬಹುದಾದ ದಿನ ಮನೆಯಲ್ಲಿ ಒಬ್ಬರು ಕೆಲಸ ಬಿಟ್ಟು ಕೂರಬೇಕು. ಆ ಒಬ್ಬರು ಹೆಣ್ಣುಮಗಳೇ ಆಗಿರುತ್ತಾಳೆ, ಹೋಗುವುದು ಅವಳ ಅಂದಿನ ಪಗಾರ. ನೀರು ಬಂದ ಮೇಲೂ ಓಣಿಯ ಮೊದಲ ಮನೆಗಳವರು ನಳಕ್ಕೆ ನೇರವಾಗಿ ಮೋಟಾರ್ ಹಚ್ಚುತ್ತಾರೆ, ತುದಿಯ ಮನೆಗಳಿಗೆ ಬರೀ ಗಾಳಿಯ ಸದ್ದು.

ಹಳೇ ಹುಬ್ಬಳ್ಳಿಯ ಅಂಥದೊಂದು ಓಣಿಯ ತುದಿಯ ಮನೆ ಅವಳದು. ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಟೆಕ್ನಿಷಿಯನ್. ಲ್ಯಾಬಿನಲ್ಲಿ ಪ್ರತಿಯೊಂದು ಮಾದರಿಗೂ ದಿನಾಂಕ, ವೇಳೆ ಬರೆದಿಡುವ ರೂಢಿ ಇರುತ್ತದಲ್ಲ, ಅದನ್ನೇ ಅವಳು ನೀರಿಗೂ ಹಚ್ಚಿದ್ದಳು. ಒಂದು ಉದ್ದನೆಯ ನೋಟುಬುಕ್ಕಿನಲ್ಲಿ ನೀರು ಬಂದ ತಾರೀಖು, ಬಿಟ್ಟ ಹೊತ್ತು, ನಿಂತ ಹೊತ್ತು, ಮೊದಲ ಮನೆಗೆ ಎಷ್ಟು ಕೊಡ, ನಡುವಿನ ಮನೆಗೆ ಎಷ್ಟು, ತುದಿಯ ಮನೆಗೆ ಎಷ್ಟು. ತಾನು ಮನೆಯಲ್ಲಿಲ್ಲದಾಗ ಬರೆಯಲು ಅಕ್ಕಪಕ್ಕದ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡಿದ್ದಳು. ತಿಂಗಳುಗಟ್ಟಲೆ ಬರೆದ ಮೇಲೆ ಆ ಬುಕ್ಕನ್ನು ಹಿಡಿದು ನೀರಿನ ಇಂಜಿನಿಯರರ ಕಡೆಗೆ ಹೋದಳು. ಜಗಳ ತೆಗೆಯಲಿಲ್ಲ, ಬರೆದದ್ದನ್ನು ತೋರಿಸಿದಳು. ಓಣಿಗೆ ಒಂದು ನಿಶ್ಚಿತ ಪಾಳಿ ಗೊತ್ತಾಯಿತು. ವಾಲ್‌ಮನ್ ಹೊರಡುವಾಗ ಅವಳಿಗೆ ಫೋನು, ಅವಳಿಂದ ಓಣಿಗೆಲ್ಲ ಸುದ್ದಿ.

ಇದಕ್ಕಿಂತ ಕಠಿಣವಾದ ಕೆಲಸ ಮುಂದಿನದು. ನೀರು ಬಿಟ್ಟ ಮೊದಲ ಅರ್ಧ ಗಂಟೆ ಯಾರೂ ಮೋಟಾರ್ ಹಚ್ಚಬಾರದು ಎಂದು ಮೇಲಿನ ಮನೆಗಳವರನ್ನು ಒಪ್ಪಿಸಿದಳು. ಆ ಮನೆಗಳಲ್ಲಿ ಅವಳಿಗಿಂತ ವಯಸ್ಸಿನಲ್ಲೂ ಹಣದಲ್ಲೂ ದೊಡ್ಡವರಿದ್ದರು. ಮನೆಮನೆಗೆ ಹೋಗಿ ಬುಕ್ಕು ತೆರೆದು, ನಿಮಗೆ ಇಷ್ಟು ಕೊಡ, ಕೊನೆಯ ಮನೆಯ ಬಾಣಂತಿಗೆ ಇಷ್ಟು ಎಂದು ತೋರಿಸಿ ಒಪ್ಪಿಸಿದ್ದಳು. ನಗರದ ನಾಯಕತ್ವ ಎಂದು ನಾವು ವೇದಿಕೆಗಳ ಮೇಲೆ ಏನನ್ನು ಕೊಂಡಾಡುತ್ತೇವೋ ಅದು ಇದೇ ಅಲ್ಲವೆ? ನೆರೆಹೊರೆಯವರ ಸ್ವಾರ್ಥ ಎದುರಾದಾಗ ದನಿ ಏರಿಸದೆ ಒಂದು ಒಪ್ಪಂದಕ್ಕೆ ತರುವುದು. ಮಹಾನಗರ ಪಾಲಿಕೆಯ ಸಭೆಗಳಲ್ಲಿಯೂ ಇದು ಅಪರೂಪ.

ನಮ್ಮ ಆಫೀಸಿನಲ್ಲಿ ಟೈಪಿಂಗ್ ಮಾಡುವ ಅಕ್ಕ ಅದೇ ಓಣಿಯವರು. "ಸರ್, ನಮ್ಮ ಓಣ್ಯಾಗ ಒಬ್ಬಾಕಿ ಹುಡುಗಿ ಅದಾಳ್ರಿ. ಈ ಸಲ ಆಕಿ ಹೆಸರು ಹಾಕ್ರಿ" ಎಂದರು. "ಅರ್ಜಿ ತುಂಬಿಸಿ ತರ್ರಿ ಅಕ್ಕಾರ, ನೋಡೋಣು" ಎಂದೆ. ಹುಡುಗಿ ಬಂದಳು. ಅರ್ಧ ಖಾಲಿ ಇದ್ದ ಅರ್ಜಿ, ಜೊತೆಗೆ ಆ ನೋಟುಬುಕ್ಕು.

ನಾನು ನನ್ನ ಪ್ರಶ್ನೆಗಳನ್ನು ಕೇಳಿದೆ.

"ಯಾವ ಸಂಸ್ಥೆಯಿಂದ ಈ ಕೆಲಸ ಮಾಡೀರಿ ತಂಗಿ?"

"ಸಂಸ್ಥೆ ಇಲ್ರಿ ಸರ್. ನಾವು ಓಣ್ಯಾನ ಹೆಣ್ಮಕ್ಕಳು ಕೂಡಿ ಮಾಡೇವ್ರಿ."

"ಪೇಪರಿನ್ಯಾಗ ಏನರ ಬಂದದ?"

"ಇಲ್ರಿ."

"ಇಂಜಿನಿಯರ್ ಸಾಹೇಬ್ರು ಏನರ ಪತ್ರ ಕೊಟ್ಟಾರ?"

"ಪತ್ರ ಯಾಕ್ರಿ? ನೀರು ಕೊಟ್ಟಾರಲ್ರಿ."

ಅವಳು ಚುಚ್ಚಲೆಂದು ಆಡಿದ ಮಾತಲ್ಲ ಅದು. ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿದಳು. ನಾನು ಬುಕ್ಕನ್ನು ಮೇಲೆ ಮೇಲೆ ತಿರುವಿದೆ. ಅಂಕಿ ಅಂಶಗಳನ್ನು ನೋಡುವುದೇ ಉದ್ಯೋಗವಾಗಿರುವ ನಾನು, ಅಷ್ಟು ಚೊಕ್ಕವಾದ ಲೆಕ್ಕವನ್ನು ಕೈಯಲ್ಲಿ ಹಿಡಿದೂ ಅದು ಲೆಕ್ಕವೆಂದು ಗುರುತಿಸಲಿಲ್ಲ. ಅದರ ಮೇಲೆ ಯಾರ ಸೀಲೂ ಇರಲಿಲ್ಲ. ಸಮಿತಿಯಲ್ಲಿ ಅವಳ ಅಂಕ ಎಲ್ಲರಿಗಿಂತ ಕಡಿಮೆ ಬಂತು. ಮುಂದಿನ ವರ್ಷ ನೋಡೋಣ ಎಂದು ಹೇಳಿ ಕಳಿಸಿದೆವು. ಆ ಸಲ ಸನ್ಮಾನಗೊಂಡವರೆಲ್ಲ ಒಳ್ಳೆಯ ಹುಡುಗರೇ. ಒಬ್ಬ ಸಾಫ್ಟ್‌ವೇರ್ ಕಂಪನಿ ತೆರೆದಿದ್ದ, ಒಬ್ಬಳು ನೃತ್ಯದಲ್ಲಿ ರಾಜ್ಯಮಟ್ಟದಲ್ಲಿ ಹೆಸರು ಮಾಡಿದ್ದಳು. ಅವರಿಗೆ ನಮ್ಮ ಶಾಲಿನ ಅಗತ್ಯ ಅಷ್ಟಾಗಿ ಇರಲಿಲ್ಲ, ಅಷ್ಟೇ.

ಮುಂದಿನ ವರ್ಷ ಅರ್ಜಿ ಕರೆಯುವಾಗ ಆ ಅಕ್ಕನನ್ನು ಕೇಳಿದೆ. ಹುಡುಗಿ ಬೆಂಗಳೂರಿಗೆ ಹೋಗಿಬಿಟ್ಟಿದ್ದಳು. ಇಲ್ಲಿನ ಲ್ಯಾಬಿನ ಪಗಾರದಲ್ಲಿ ಮನೆ ನಡೆಯುತ್ತಿರಲಿಲ್ಲ, ತಂದೆಗೆ ಹುಷಾರಿರಲಿಲ್ಲ. ನೋಟುಬುಕ್ಕನ್ನು ಕೆಲವು ದಿನ ಯಾರೋ ಬರೆದರು, ಆಮೇಲೆ ಬಿಟ್ಟರು. ವಾಲ್‌ಮನ್ ಬದಲಾದ. ಮೇಲಿನ ಮನೆಗಳ ಮೋಟಾರು ಮತ್ತೆ ಶುರುವಾಯಿತು.

ಪ್ರಶಸ್ತಿ ಕೊಟ್ಟಿದ್ದರೆ ಅವಳು ಊರಲ್ಲಿ ಉಳಿಯುತ್ತಿದ್ದಳು ಎಂದು ನಾನು ಹೇಳುವುದಿಲ್ಲ. ಒಂದು ಶಾಲು, ಒಂದು ಫಲಕ ಯಾರ ಮನೆಯ ಖರ್ಚನ್ನೂ ನಡೆಸುವುದಿಲ್ಲ. ನನ್ನನ್ನು ಇಂದಿಗೂ ಸುಡುವ ಸಂಗತಿ ಬೇರೆ. ಹುಬ್ಬಳ್ಳಿಯ ಹಲವು ಲ್ಯಾಬು, ನರ್ಸಿಂಗ್ ಹೋಮುಗಳ ಲೆಕ್ಕ ನೋಡುವವನು ನಾನು. ಎಲ್ಲಿ ಜನ ಬೇಕಾಗಿದ್ದಾರೆ, ಎಲ್ಲಿ ಚಲೋ ಪಗಾರ ಕೊಡುತ್ತಾರೆ ಎಂಬುದು ನನಗೆ ಗೊತ್ತಿತ್ತು. ಒಂದು ಫೋನು ಹಚ್ಚಿದ್ದರೆ ಅವಳಿಗೆ ಇಲ್ಲಿಯೇ ಮೇಲಿನ ಕೆಲಸ ಸಿಗಬಹುದಿತ್ತು. ಆ ಬುಕ್ಕನ್ನು ಪಕ್ಕದ ನಾಲ್ಕು ಓಣಿಗಳಿಗೆ ಹಬ್ಬಿಸಲು ಇಬ್ಬರು ಹುಡುಗರನ್ನು ಜೊತೆ ಮಾಡಬಹುದಿತ್ತು. ಪಾಲಿಕೆಯ ಹಿರಿಯ ಅಧಿಕಾರಿಗಳ ಎದುರು ಅವಳನ್ನು ಕೂಡ್ರಿಸಿ, ಇವಳ ಮಾತು ಕೇಳಿ ಎಂದು ಹೇಳಬಹುದಿತ್ತು. ಇವೆಲ್ಲ ನನ್ನ ಕೈಯಲ್ಲಿದ್ದವು. ಅವಳು ನನ್ನ ಟೇಬಲ್ಲಿನ ಎದುರು ಕೂತಿದ್ದಾಗ ನಿನಗೆ ಏನು ಬೇಕು ಎಂದು ನಾನು ಕೇಳಲೇ ಇಲ್ಲ. ನಿನ್ನ ಹತ್ತಿರ ಏನೇನು ಕಾಗದ ಇದೆ ಎಂದಷ್ಟೇ ಕೇಳಿದೆ.

ಸರಿಯಾದವರನ್ನೇ ಆರಿಸಿದಾಗಲೂ ನಾವು ಕೆಡಿಸಿದ್ದುಂಟು. ಒಬ್ಬ ಎಳೆಯ ವೈದ್ಯ ಮಂಟೂರ ರಸ್ತೆಯ ಕಡೆಯ ಬಡವರ ವಸತಿಯಲ್ಲಿ ರವಿವಾರ ಉಚಿತವಾಗಿ ರೋಗಿಗಳನ್ನು ನೋಡುತ್ತಿದ್ದ. ಅವನಿಗೆ ನಾವು ಸನ್ಮಾನ ಮಾಡಿದ ಮೇಲೆ ಊರಿನ ಪ್ರತಿಯೊಂದು ಸಂಘವೂ ಅವನನ್ನು ಕರೆಯಿತು. ಶಾಲೆಯ ವಾರ್ಷಿಕೋತ್ಸವ, ರಕ್ತದಾನ ಶಿಬಿರದ ಉದ್ಘಾಟನೆ, ಬಹುಮಾನ ವಿತರಣೆ. ಎಲ್ಲ ಕಾರ್ಯಕ್ರಮಗಳೂ ರವಿವಾರ. ಹಿರಿಯರ ಕರೆಗೆ ಇಲ್ಲವೆನ್ನಲಾರದ ಹುಡುಗ. ವರ್ಷ ತುಂಬುವುದರೊಳಗೆ ಆ ವಸತಿಯ ರವಿವಾರದ ಚಿಕಿತ್ಸೆ ನಿಂತುಹೋಯಿತು.

ಎಳೆಯರನ್ನು ಗುರುತಿಸುವುದು ಹೇಗೆಂಬ ಪಾಠ ನಮ್ಮ ನೆರೆಯಲ್ಲೇ ಇತ್ತು. ಧಾರವಾಡದ ಸುಭಾಸ ರಸ್ತೆಯಲ್ಲಿ ಒಂದು ಅಟ್ಟವಿದೆ. ಮನೋಹರ ಗ್ರಂಥಮಾಲೆಯ ಅಟ್ಟ. ಜಿ.ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಪ್ರಕಾಶನ ಅದು. ನಮ್ಮ ಭಾಗದಲ್ಲಿ ಓದು ಬರಹದ ಹಂಬಲ ಇದ್ದವರಿಗೆಲ್ಲ ಆ ಅಟ್ಟ ಗೊತ್ತು. ಗಿರೀಶ ಕಾರ್ನಾಡರು 23ರ ತರುಣರಾಗಿ ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದಾಗ, 1961ರಲ್ಲಿ, ಅವರ 'ಯಯಾತಿ'ಯನ್ನು ಈ ಗ್ರಂಥಮಾಲೆ ಪ್ರಕಟಿಸಿತು. ನಾಟಕಕಾರನೆಂದು ಆಗ ನಾಡು ಅವರನ್ನು ಅರಿತಿರಲಿಲ್ಲ. ಜೋಶಿಯವರೂ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರೂ ಹಸ್ತಪ್ರತಿ ಓದಿದರು, ಒಪ್ಪಿದರು, ಅಚ್ಚು ಹಾಕಿದರು. ಮೂರು ವರ್ಷದ ಮೇಲೆ 'ತುಘಲಕ್' ಬಂತು. ಕಾರ್ನಾಡರಿಗೆ ಜ್ಞಾನಪೀಠ ಬಂದದ್ದು 1998ರಲ್ಲಿ, 'ಯಯಾತಿ' ಅಚ್ಚಾದ 37 ವರ್ಷಗಳ ಮೇಲೆ.

ಈ ಕಥೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ, ಹೆಮ್ಮೆಯಿಂದ ಬೇರೆಯವರಿಗೂ ಹೇಳುತ್ತಿದ್ದೆ. ಆದರೆ ಅದರಿಂದ ಕಲಿಯಬೇಕಾದ್ದನ್ನು ಕಲಿತಿರಲಿಲ್ಲ. ಜೋಶಿ, ಕುರ್ತಕೋಟಿಯವರು ಆ ತರುಣನಿಗೆ ಹಾರ ಹಾಕಲಿಲ್ಲ. ಅವನ ಕೆಲಸವನ್ನು ಕೈಗೆತ್ತಿಕೊಂಡು ಸಮಯ ಕೊಟ್ಟು ಓದಿದರು. ಆಮೇಲೆ ತಮ್ಮ ಹತ್ತಿರ ಇದ್ದದ್ದನ್ನು, ಅಂದರೆ ಅಚ್ಚು, ಕಾಗದ, ಓದುಗರ ಬಳಗ, ತಮ್ಮ ಹೆಸರಿನ ಭರವಸೆ ಇವುಗಳನ್ನು ಅವನ ಕೆಲಸಕ್ಕೆ ಕೊಟ್ಟರು. ನಷ್ಟವಾದರೆ ಅದು ಅವರದೇ ಆಗುತ್ತಿತ್ತು. ಎಳೆಯರನ್ನು ಗುರುತಿಸುವುದರಲ್ಲಿ ಗುರುತಿಸುವವರೂ ಏನನ್ನಾದರೂ ಪಣಕ್ಕೆ ಇಡಬೇಕು. ನಾವು ವೇದಿಕೆಯ ಮೇಲೆ ಏನನ್ನೂ ಪಣಕ್ಕೆ ಇಟ್ಟಿರಲಿಲ್ಲ. ಬದಲಿಗೆ ಸನ್ಮಾನಗೊಂಡವರ ಜೊತೆ ನಮ್ಮ ಫೋಟೋ ಕೂಡ ಪತ್ರಿಕೆಯಲ್ಲಿ ಬರುತ್ತಿತ್ತು.

ಅರ್ಜಿ ಕರೆಯುವುದನ್ನು ಬಿಡಬೇಕು ಎಂದು ನಾನು ಸಂಘದ ಸಭೆಯಲ್ಲಿ ಹೇಳಿದಾಗ ಗದ್ದಲವೇ ಆಯಿತು. ಅರ್ಜಿ ತಂದವರೇ ನೀವು ಎಂದರು. ಹೌದು, ತಂದವನು ನಾನೇ, ಅದಕ್ಕೇ ತೆಗೆಯಬೇಕೆಂದು ಹೇಳುತ್ತಿದ್ದೇನೆ ಎಂದೆ. ಹಳೆಯ ಪದ್ಧತಿಗೆ ಮರಳಿದರೆ ವಶೀಲಿ ಬರುತ್ತದೆ ಎಂಬ ಭಯ ನ್ಯಾಯವಾದದ್ದೇ. ಬಹಳ ಚರ್ಚೆಯ ಮೇಲೆ ಒಂದು ದಾರಿ ಕಂಡಿತು. ಸಮಿತಿಯವರೇ ಓಣಿಗಳಿಗೆ ಹೋಗುವುದು. ಅಲ್ಲಿ ವಾಲ್‌ಮನ್, ಆಶಾ ಕಾರ್ಯಕರ್ತೆ, ಅಂಗನವಾಡಿ ಶಿಕ್ಷಕಿ, ರೇಷನ್ ಅಂಗಡಿಯವರು, ಆಟೋ ಸ್ಟ್ಯಾಂಡಿನ ಹುಡುಗರು, ಹೀಗೆ ದಿನವೂ ಜನರ ಕಷ್ಟದ ಮಧ್ಯೆ ಇರುವವರನ್ನು ಒಂದೇ ಪ್ರಶ್ನೆ ಕೇಳುವುದು: "ತ್ರಾಸ ಬಂದ್ರ ಮೊದಲ ಯಾರಿಗೆ ಫೋನ್ ಹಚ್ತೀರಿ?" ಸಾಧಕರು ಯಾರು ಎಂದು ಕೇಳಿದರೆ ಜನ ನಗರಸೇವಕರ ಹೆಸರು ಹೇಳುತ್ತಾರೆ, ಶಾಸಕರ ಹೆಸರು ಹೇಳುತ್ತಾರೆ. ಫೋನು ಯಾರಿಗೆ ಎಂದು ಕೇಳಿದರೆ ಬೇರೆಯೇ ಹೆಸರುಗಳು ಬರುತ್ತವೆ. ಬೇರೆ ಬೇರೆ ಕಡೆಯಿಂದ ಒಂದೇ ಹೆಸರು ಬಂದರೆ ಆ ಮನೆಗೆ ನಾವು ಹೋಗುತ್ತೇವೆ. ಸಮಾರಂಭ ಮಾಡುವುದಿಲ್ಲ, ಏನು ಬೇಕು ಎಂದು ಕೇಳುತ್ತೇವೆ.

ಹೀಗೆ ಸಿಕ್ಕವರಲ್ಲಿ ಒಬ್ಬ ಹೊಸ ವಕೀಲ. ಕೋರ್ಟಿನ ಕೆಲಸ ಮುಗಿದ ಮೇಲೆ ಕಟ್ಟಡ ಕಾರ್ಮಿಕರ ಕಾರ್ಡಿನ ಅರ್ಜಿ ತುಂಬಿಕೊಡುತ್ತಿದ್ದ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಲು ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿರಬೇಕು, ಅದಕ್ಕೆ ಪ್ರಮಾಣಪತ್ರ ಬೇಕು. ಇಂದು ಒಬ್ಬ ಗುತ್ತಿಗೆದಾರ, ನಾಳೆ ಇನ್ನೊಬ್ಬ ಎಂದು ಅಲೆಯುವ ಗೌಂಡಿಗೆ ಆ ಪತ್ರ ಬರೆದುಕೊಡುವವರು ಯಾರು? ಈ ಹುಡುಗ ಗುತ್ತಿಗೆದಾರರ ಬೆನ್ನು ಬಿದ್ದು ಬರೆಸಿಕೊಳ್ಳುತ್ತಿದ್ದ. ನಿನಗೇನು ಬೇಕು ಎಂದು ಕೇಳಿದೆವು. ಹಣ ಕೇಳಬಹುದೆಂದುಕೊಂಡಿದ್ದೆ. ತನ್ನ ಆಫೀಸು ಮೂರನೆಯ ಮಹಡಿಯಲ್ಲಿದೆ, ಮೈಕೈ ಸಿಮೆಂಟಾದವರು ಆ ಕಾಂಪ್ಲೆಕ್ಸಿನ ಮೆಟ್ಟಿಲು ಹತ್ತಲು ಹಿಂಜರಿಯುತ್ತಾರೆ, ಕೆಳಗೆ ಎಲ್ಲಾದರೂ ಒಂದು ಟೇಬಲ್ ಹಾಕಲು ಜಾಗ ಬೇಕು ಎಂದ. ನಮ್ಮ ಸಂಘದ ಕಟ್ಟಡದ ಮುಂದಿನ ಕೋಣೆ ಸಂಜೆ ಹೊತ್ತು ಖಾಲಿ ಇರುತ್ತಿತ್ತು. ಅದನ್ನು ಕೊಟ್ಟೆವು. ಅವನಿಗೆ ನಾವು ಸನ್ಮಾನ ಮಾಡಿಲ್ಲ, ಅವನೂ ಕೇಳಿಲ್ಲ.

ಎಲ್ಲವೂ ಹೀಗೆ ಕೂಡಿ ಬಂದಿಲ್ಲ. ಸಮಾರಂಭ ಇಲ್ಲ ಎಂದ ಕೂಡಲೆ ಪ್ರಾಯೋಜಕರು ಹಿಂದೆ ಸರಿದರು. ಸಮಿತಿಯ ಅರ್ಧ ಜಾಗಗಳನ್ನು 35ರೊಳಗಿನವರಿಗೆ ಬಿಡಬೇಕೆಂದಾಗ ಇಬ್ಬರು ಹಳೆಯ ಗೆಳೆಯರು ರಾಜೀನಾಮೆ ಕೊಟ್ಟರು, ಅವರಲ್ಲಿ ಒಬ್ಬರು ಈಗಲೂ ನನ್ನೊಡನೆ ಮಾತಾಡುವುದಿಲ್ಲ. ಸಂಜೆ ಶಾಲೆ ನಡೆಸುತ್ತಿದ್ದ ಒಬ್ಬ ಹುಡುಗ ನಾವು ಕೊಟ್ಟ ಸಣ್ಣ ಮೊತ್ತಕ್ಕೆ ಲೆಕ್ಕ ಕೊಡಲಾರದೆ ಹೆದರಿ ನಮ್ಮಿಂದ ತಪ್ಪಿಸಿಕೊಂಡು ತಿರುಗಿದ. ನಾನೇ ಅವನ ಮನೆಗೆ ಹೋಗಿ, ಕೂತು, ಚೀಟಿಗಳನ್ನು ಕೂಡಿಸಿ ಲೆಕ್ಕ ಬರೆಸಿದೆ. ದುಡ್ಡು ಎಲ್ಲಿಯೂ ಹೋಗಿರಲಿಲ್ಲ, ಅವನಿಗೆ ಬರೆದಿಡುವುದು ಗೊತ್ತಿರಲಿಲ್ಲ. ನನ್ನ ಕಸುಬು ಈ ಕೆಲಸಕ್ಕೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಅಂದೇ.

ಈಗ ಓದುಗರಲ್ಲಿ ಒಂದು ವಿನಂತಿ. ಹುಬ್ಬಳ್ಳಿ-ಧಾರವಾಡಕ್ಕೆ 1962ರಿಂದ ಒಂದೇ ಮಹಾನಗರ ಪಾಲಿಕೆ. 2021ರ ಚುನಾವಣೆಯಿಂದ ಅದರಲ್ಲಿ 82 ವಾರ್ಡುಗಳಿವೆ. ನಮ್ಮ ರಾಜ್ಯದ ಕಾನೂನಿನ ಪ್ರಕಾರ ಪಾಲಿಕೆಯ ಪ್ರತಿ ವಾರ್ಡಿಗೂ ನಗರಸೇವಕರ ಅಧ್ಯಕ್ಷತೆಯಲ್ಲಿ ಹತ್ತು ಸದಸ್ಯರ ವಾರ್ಡ್ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ ಮೂವರು ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದ ಇಬ್ಬರು, ನಿವಾಸಿಗಳ ಸಂಘಗಳಿಂದ ಇಬ್ಬರು. ಲೆಕ್ಕ ಹಾಕಿದರೆ ನಮ್ಮ ಊರೊಂದರಲ್ಲೇ 820 ಜಾಗಗಳು. ಇಲ್ಲಿ ಶಾಲಿಲ್ಲ, ಫಲಕವಿಲ್ಲ. ವಾರ್ಡಿನ ನೀರು, ಕಸ, ದೀಪದ ಮಾತು ನಡೆಯುವ ಟೇಬಲ್ಲಿನ ಎದುರು ಒಂದು ಕುರ್ಚಿ ಇದೆ. ಮೈಸೂರಿರಲಿ, ಕಲಬುರಗಿಯಿರಲಿ, ಮಂಗಳೂರಿರಲಿ, ನಿಮ್ಮ ಪಾಲಿಕೆಗೂ ಈ ಮಾತು ಹೊಂದುತ್ತದೆ. ಆ ಸಮಿತಿಗಳಿಗೆ ಹೆಸರು ಕರೆದಾಗ ಹಿರಿಯರಾದ ನಾವು ನಮ್ಮ ಅರ್ಜಿ ಹಿಡಿದು ಓಡುವುದು ಬೇಡ. ನಿಮ್ಮ ಓಣಿಯಲ್ಲಿ ತೊಂದರೆ ಬಂದಾಗ ಜನ ಯಾರಿಗೆ ಫೋನು ಹಚ್ಚುತ್ತಾರೆ ಎಂದು ವಿಚಾರಿಸಿ. ಅವರ ಮನೆಗೆ ಹೋಗಿ, ಅವರನ್ನು ಒಪ್ಪಿಸಿ, ಅರ್ಜಿಯನ್ನು ನೀವೇ ಕೂತು ತುಂಬಿಸಿ, ಕೊನೆಯ ತಾರೀಖಿನೊಳಗೆ ಪಾಲಿಕೆಗೆ ಮುಟ್ಟಿಸಿ ಬನ್ನಿ.